ಮೂರನೇ ಏಟಿಗೆ ಎಲೆ ಚೆಲ್ಲುವವನು

ನನ್ನ ಹೆಂಡತಿಯ ಅಣ್ಣನ ಬಗ್ಗೆ ಒಂದು ಒಳ್ಳೆಯ ಮಾತು ಹೇಳು ಎಂದು ಯಾರಾದರೂ ಪೀಡಿಸಿದರೆ ನನ್ನ ಹತ್ತಿರ ಇರುವುದು ಒಂದೇ: ಅವನು ಇಸ್ಪೀಟು ಚೆನ್ನಾಗಿ ಆಡುತ್ತಾನೆ. ಹೇಳಿದ್ದಾಯಿತು. ಇನ್ನು ಮುಂದೆ ಬರೆಯುವುದೆಲ್ಲ ಬೇರೆ ಥರದ್ದು.

ಅವನಿಗೆ ಜೇವರ್ಗಿಯ ಬಸ್ ಸ್ಟ್ಯಾಂಡಿನ ಎದುರು ಒಂದು ಕಂಪ್ಯೂಟರ್ ಅಂಗಡಿ ಇದೆ. ಪಹಣಿ ತೆಗೆಸುವವರು, ಪರೀಕ್ಷೆಗೆ ಅರ್ಜಿ ಹಾಕುವವರು, ಹೆಸರು ತಿದ್ದಿಸುವವರು ಎಲ್ಲರೂ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು. ಹಾಗೆ ನಿಂತವರನ್ನು ನೋಡಿ ನೋಡಿ ಅವನಿಗೆ ತಾನು ತಹಶೀಲ್ದಾರನಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ಭ್ರಮೆ ಹುಟ್ಟಿದೆ. ನಾನು ಅಫಜಲಪುರದಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುವವನು. ಭೀಮಾ ದಂಡೆಯ ಕಬ್ಬಿನ ಹೊಲಗಳಲ್ಲಿ ಸುಟ್ಟುಹೋದ ಮೋಟಾರುಗಳೆಲ್ಲ ನನ್ನ ಅಂಗಡಿಗೇ ಬರುತ್ತವೆ. ನಮ್ಮಿಬ್ಬರ ನಡುವೆ ಇದ್ದ ಸಂಬಂಧ ಎರಡೇ: ಅವನ ತಂಗಿ, ಮತ್ತು ಆನ್‌ಲೈನ್ ಪೋಕರ್.

ಇದು ರೊಕ್ಕದ ಆಟಕ್ಕೆ ಸರ್ಕಾರ ಬೀಗ ಹಾಕುವುದಕ್ಕೆ ಮುಂಚಿನ ಮಾತು. ಪೋಕರ್ ಗೊತ್ತಿಲ್ಲದವರು ಇಷ್ಟು ತಿಳಿದರೆ ಸಾಕು. ನಿಮ್ಮ ಕೈಯಲ್ಲಿ ಎರಡು ಎಲೆ ಮುಚ್ಚಿರುತ್ತವೆ, ಎಲ್ಲರಿಗೂ ಸೇರಿದ ಎಲೆಗಳು ಮೇಜಿನ ನಡುವೆ ಹಂತಹಂತವಾಗಿ ತೆರೆಯುತ್ತವೆ. ಅವು ತೆರೆದಂತೆಲ್ಲ ಎದುರಾಳಿ ಮೂರು ಸಲ ಪಣ ಒಡ್ಡಿ ನಿಮ್ಮನ್ನು ಹೆದರಿಸಬಹುದು. ಇದಕ್ಕೆ ನಾವು ಏಟು ಅನ್ನುತ್ತಿದ್ದೆವು. ಹೆದರಿದವನು ಎಲೆ ಚೆಲ್ಲಿ ಏಳುತ್ತಾನೆ, ಹೆದರದವನು ಅಷ್ಟೇ ಪಣ ಸರಿಗಟ್ಟಿ ಕೂಡುತ್ತಾನೆ. ಯಾರು ಯಾವಾಗ ಹೆದರುತ್ತಾರೆ ಎಂದು ಕಂಡುಹಿಡಿಯುವುದೇ ಅರ್ಧ ಆಟ.

ನಾನು ಸೋಲುತ್ತಿದ್ದೆ. ಅವನು ಗೆಲ್ಲುತ್ತಿದ್ದ. ಹೇಗೆ ಎಂದು ಕೇಳಿದೆ, ಅದೇ ತಪ್ಪಾಯಿತು. ಅವನ ಕಂಪ್ಯೂಟರಿನಲ್ಲಿ ಟ್ರ್ಯಾಕರ್ ಎಂಬ ಸಾಫ್ಟ್‌ವೇರ್ ಇತ್ತು. ಆಡಿದ ಒಂದೊಂದು ಆಟವನ್ನೂ ಅದು ನುಂಗಿಟ್ಟುಕೊಂಡು, ಪ್ರತಿಯೊಬ್ಬ ಆಟಗಾರನ ಹೆಸರಿನ ಪಕ್ಕ ಸಣ್ಣ ಸಣ್ಣ ಅಂಕಿ ತೋರಿಸುತ್ತದೆ: ನೂರಕ್ಕೆ ಎಷ್ಟು ಸಲ ಆಟಕ್ಕೆ ಇಳಿಯುತ್ತಾನೆ, ಎಷ್ಟು ಸಲ ಪಣ ಏರಿಸುತ್ತಾನೆ, ಎದುರಿನವನು ಏರಿಸಿದರೆ ಎಷ್ಟು ಸಲ ಓಡುತ್ತಾನೆ. ಬೇರೆಯವರದಷ್ಟೇ ಅಲ್ಲ, ನಮ್ಮದನ್ನೂ ತೋರಿಸುತ್ತದೆ. ನಾನು ವಾರಕ್ಕೊಮ್ಮೆ ನನ್ನ ಆಟಗಳ ಫೈಲುಗಳನ್ನೆಲ್ಲ ಅವನಿಗೆ ಕಳಿಸುವುದು, ಅವನು ಅದರೊಳಗೆ ಹಾಕಿ ನೋಡಿ ನನ್ನ ತಪ್ಪು ಹೇಳುವುದು ಎಂದು ಮಾತಾಯಿತು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ.

ಭಾನುವಾರ ಬಂತೆಂದರೆ ಅವನ ಫೋನು. ಹೆಡ್‌ಮಾಸ್ತರನ ದನಿ. ಕೆಟ್ಟ ಎಲೆ ಹಿಡಿದು ಆಟಕ್ಕೆ ಇಳಿಯುತ್ತೀರಿ, ಸೋತ ಸಿಟ್ಟಿನಲ್ಲಿ ದೊಡ್ಡ ಪಣದ ಮೇಜಿಗೆ ಹೋಗುತ್ತೀರಿ ಎಂದು ಒಂದೊಂದೇ ಕುಂದು ಎತ್ತಿ ಆಡುತ್ತಿದ್ದ. ಉಪಯೋಗವಾಗಲಿಲ್ಲ ಎಂದರೆ ಸುಳ್ಳಾದೀತು, ಹಾಗೆ ಹೇಳಬೇಕಾಗಿ ಬಂದದ್ದಕ್ಕೇ ನನಗೆ ಹೊಟ್ಟೆ ಉರಿಯುತ್ತದೆ. ಆಳಂದದವನೊಬ್ಬ ನಮ್ಮ ಮೇಜಿಗೆ ಬರುತ್ತಿದ್ದ, ಏರಿಸಿ ಏರಿಸಿ ನನ್ನನ್ನು ಅಟ್ಟುತ್ತಿದ್ದ. ಕೈಯಲ್ಲಿ ಏನೂ ಇಲ್ಲದಿದ್ದರೂ ಅವನು ಏರಿಸುತ್ತಾನೆ ಎಂದು ಅಂಕಿ ನೋಡಿದ ಮೇಲೆ ತಿಳಿಯಿತು. ಆಮೇಲೆ ಅವನ ಆಟ ನನ್ನ ಹತ್ತಿರ ನಡೆಯಲಿಲ್ಲ. ಸೋಲು ಕಡಿಮೆಯಾಯಿತು, ಕೆಲವು ತಿಂಗಳು ಗೆದ್ದೆ ಕೂಡ.

ಆದರೆ ಒಂದು ಚಾಳಿ ಹೋಗಲಿಲ್ಲ. ಅದನ್ನು ಅವನು ಎಷ್ಟು ರುಚಿಯಾಗಿ ಹೇಳುತ್ತಿದ್ದನೆಂದರೆ, ಫೋನಿನಲ್ಲೇ ಚಪ್ಪರಿಸುವುದು ಕೇಳಿಸುತ್ತಿತ್ತು.

"ಒಂದನೇ ಏಟು ತಡೀತೀರಿ. ಎರಡನೇದೂ ತಡೀತೀರಿ. ಮೂರನೇದಕ್ಕ ಎಲಿ ಚೆಲ್ತೀರಿ, ಕೈಯಾಗ ಚಲೋ ಎಲಿ ಇದ್ರೂ ಚೆಲ್ತೀರಿ."

ಇದರ ಜೊತೆಗೆ ಒಂದು ನೀತಿಪಾಠವೂ ಇರುತ್ತಿತ್ತು. ನಾಲ್ಕಾರು ಆಟ ನೋಡಿ ಯಾರನ್ನೂ ಅಳೆಯಬಾರದು, ಸಾವಿರಗಟ್ಟಲೆ ಆಟ ಕೂಡಿದ ಮೇಲೇ ಆ ಅಂಕಿಗೆ ಬೆಲೆ, ಗೊತ್ತಿಲ್ಲದವನ ಎದುರು ಜೋರು ಮಾಡಬಾರದು ಎಂದು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಅವನಂಥವರಿಗಾಗಿಯೇ ಹುಟ್ಟಿರಬೇಕು.

ಆ ವರ್ಷದ ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಅವನೇ ಅಫಜಲಪುರಕ್ಕೆ ಬಂದ. ಪ್ರತಿವರ್ಷ ಒಂದು ಫೋನು ಮಾಡಿ ಮುಗಿಸುವವನು ಕಾರು ತಂದು, ನೀವೂ ಬರಲೇಬೇಕು ಎಂದು ನನ್ನನ್ನೂ ಹತ್ತಿಸಿಕೊಂಡ. ನನಗೆ ಆಗಲೇ ಮೂಗಿಗೆ ವಾಸನೆ ಬಡಿಯಬೇಕಿತ್ತು. ಅವರ ಅಪ್ಪ ತೀರಿಕೊಂಡ ಮೇಲೆ ಅಂದೋಲಾದ ಹೊಲ ಅಣ್ಣ ತಂಗಿ ಇಬ್ಬರ ಹೆಸರಿಗೂ ಬಂದಿತ್ತು. ಕಪ್ಪು ನೆಲ, ತೊಗರಿಗೆ ಹೇಳಿಮಾಡಿಸಿದ್ದು. ನಮ್ಮ ಕಡೆ ತಂಗಿಯರಿಗೆ ಪಂಚಮಿಯಲ್ಲಿ ಸೀರೆ ಉಡಿಸಿ, ಉಂಡಿ ತಿನ್ನಿಸಿ, ಅದೇ ಬಿಸಿಯಲ್ಲಿ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಹೊಸದಲ್ಲ. ತಂಗಿಯ ಜೊತೆ ಆ ಮಾತು ಯಾರೂ ಆಡುವುದಿಲ್ಲ. ಅವಳ ಗಂಡನನ್ನು ಒಪ್ಪಿಸುತ್ತಾರೆ, ಗಂಡ ಅವಳಿಗೆ ಹೇಳುತ್ತಾನೆ, ಅವಳು ಸಹಿ ಹಾಕುತ್ತಾಳೆ.

ಅವನ ಮನೆಯಲ್ಲಿ ಊಟವಾದ ಮೇಲೆ ನನ್ನ ಹೆಂಡತಿ ಹಿತ್ತಲಿನ ಜೋಕಾಲಿಯಲ್ಲಿ ಕೂತಿದ್ದಳು. ನಾವಿಬ್ಬರೂ ಪಡಸಾಲೆಯಲ್ಲಿ. ಸೀರೆಯ ಪೊಟ್ಟಣ ಗೂಡಿನಲ್ಲಿತ್ತು, ಅದರ ಕೆಳಗೆ ಸ್ಟ್ಯಾಂಪ್ ಪೇಪರು. ನಿಮ್ಮ ಮನೆಯವರದೊಂದು ಸಹಿ ಬೇಕಿತ್ತು ಎಂದು ಅವನು ಸಲೀಸಾಗಿ ಶುರುಮಾಡಿದ. ಅದು ಅವಳ ಪಾಲು, ನಾನು ಏನೂ ಹೇಳಲಾರೆ ಎಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಚಹಾ ತರಿಸಿದ. ಆಮೇಲೆ ಅವಳ ಮದುವೆಯನ್ನು ತಾನು ಹೇಗೆ ಮಾಡಿಕೊಟ್ಟೆ, ಅವ್ವನನ್ನು ಇಟ್ಟುಕೊಂಡು ನೋಡುತ್ತಿರುವವರು ಯಾರು ಎಂದು ಎರಡನೇ ಸಲ ಹೇರಿದ. ಆಗಲೂ ನಾನು ಇಲ್ಲ ಎಂದೆ, ದನಿ ಮಾತ್ರ ಸಣ್ಣದಾಗಿತ್ತು. ಅವನು ಚಹಾದ ಬಟ್ಟಲಿನ ಮೇಲಿಂದ ನನ್ನನ್ನೇ ನೋಡುತ್ತ ಸುಮ್ಮನೆ ಕೂತ. ಅವಸರವೇ ಇರಲಿಲ್ಲ ಅವನಿಗೆ.

ಅಷ್ಟರಲ್ಲಿ ನನ್ನ ಹೆಂಡತಿ ಒಳಗೆ ಬಂದು ನಮ್ಮಿಬ್ಬರ ನಡುವೆ ಚಾಪೆಯ ಮೇಲೆ ಕೂತಳು. ನಾವು ಮಾತಾಡಾಕತ್ತೇವಿ, ನೀ ಜೋಕಾಲಿ ಆಡು ಹೋಗು ಎಂದ ಅವನು.

"ಹೊಲದಾಗ ಪಾಲು ನಂದದ. ಮಾತು ನನ್ನ ಕೂಡ ಆಡು."

ಅವನು ಅವಳನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅವಳ ಹೆಸರಿನ ಪಕ್ಕ ಒಂದು ಅಂಕಿಯೂ ಇರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಗಂಗಾಳದಲ್ಲಿ ಉಂಡವರು, ಆದರೂ ಆ ತಂಗಿ ಯಾವುದಕ್ಕೆ ಹೆದರುತ್ತಾಳೆ, ಯಾವುದಕ್ಕೆ ಹೆದರುವುದಿಲ್ಲ ಎಂದು ಅವನು ಒಂದು ದಿನವೂ ನೋಡಿದವನಲ್ಲ. ಗೊತ್ತಿಲ್ಲದವನ ಎದುರು ಜೋರು ಮಾಡಬಾರದು ಎಂಬ ತನ್ನ ಪಾಠವನ್ನೇ ಮರೆತು ಅವಳ ಮೇಲೆ ಜೋರು ಮಾಡಿದ. ಸೀರೆ ತಂದು ಮಡಿಲಿಗೆ ಹಾಕಿದ. ಅವ್ವನನ್ನು ಕರೆದು ಎದುರಿಗೆ ಕೂಡಿಸಿದ. ಅವ್ವ ಅತ್ತಳು. ಅವಳು ಅವ್ವನ ಕಣ್ಣೊರೆಸಿದಳೇ ಹೊರತು ಪೇಪರು ಮುಟ್ಟಲಿಲ್ಲ. ಕೊನೆಗೆ ಅವನು, ಹಾಗಾದರೆ ತವರನ್ನು ಮರೆತುಬಿಡು ಎಂದ. ಅವಳು ಸೀರೆಯನ್ನು ಮಡಿಚಿ, ಅವನ ಪಕ್ಕದಲ್ಲಿಟ್ಟು, ಚೀಲ ತೆಗೆದುಕೊಂಡಳು.

ಬಾಗಿಲ ಹತ್ತಿರ ಅವನು ನನ್ನ ತೋಳು ಹಿಡಿದ. ಮುಖ ಕೆಂಪಾಗಿತ್ತು.

"ಆಕಿ ಬರ್ಲಿಲ್ಲಂದ್ರ ಮೂರನೇ ಸಲಕ್ಕ ನೀವು ಒಪ್ಪೋರೇ ಇದ್ರಿ. ನಾ ನೋಡೇನಲ್ಲ ನಿಮ್ಮ ಆಟ."

ಅಂದರೆ ಭಾನುವಾರಗಳೆಲ್ಲ ಅವನು ನನಗೆ ಕಲಿಸುತ್ತಿರಲಿಲ್ಲ, ನನ್ನನ್ನು ಕಲಿಯುತ್ತಿದ್ದ. ಹಾಗೆಂದು ಅವನ ಮುಖದ ಮೇಲೆ ಅನ್ನಬೇಕಿತ್ತು. ಬರೀ ತೋಳು ಕೊಡವಿಕೊಂಡು ಹೊರಗೆ ಬಂದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅವನನ್ನು ಬೈದೆ. ನನ್ನ ಫೈಲು ತಿಂದ ನಾಯಿ ಎಂದೆ, ಅಳುಕಿಲ್ಲದ ಹರಾಮ್‌ಖೋರ್ ಎಂದೆ, ಮುಂದಿನ ಸೀಟಿನವನು ತಿರುಗಿ ನೋಡುವಷ್ಟು ಬೈದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಎರಡನೇ ಸಲಕ್ಕೇ ಎದ್ದು ಬಂದೆಯಲ್ಲ, ಹಿತ್ತಲಿಗೆ ನಮ್ಮ ಮಾತು ಕೇಳಿಸುತ್ತಿತ್ತೇ ಎಂದು ಕೇಳಿದೆ.

"ಕೇಳ್ತಿತ್ತು. ನೀವು ಇನ್ನೊಂದು ಸಲ ತಡ್ಯಂಗಿಲ್ಲ ಅಂತ ಗೊತ್ತಿತ್ತು, ಬಂದೆ. ಅವಗ ಅದನ್ನ ತಿಳ್ಯಾಕ ಕಂಪ್ಯೂಟರ್ ಬೇಕಾತು."

ಆಮೇಲೆ ಅವಳ ಮೇಲೂ ಸಿಟ್ಟು ಬಂತು. ಮನೆಗೆ ಬಂದವನೇ ಆಟದ ಖಾತೆ ಮುಚ್ಚಿದೆ. ಅವನ ಕಂಪ್ಯೂಟರಿನಲ್ಲಿರುವ ನನ್ನ ಆಟಗಳನ್ನೆಲ್ಲ ಅಳಿಸಿಹಾಕು ಎಂದು ಮೆಸೇಜು ಹಾಕಿದೆ. ಓದಿದ, ಉತ್ತರ ಕೊಡಲಿಲ್ಲ. ಸ್ವಲ್ಪ ದಿನಕ್ಕೆ ಕಾನೂನು ಬಂದು ಎಲ್ಲರ ಆಟವೂ ಮುಚ್ಚಿತು. ನನ್ನ ಜೀವಮಾನದಲ್ಲಿ ಸರ್ಕಾರದ ಒಂದು ಆದೇಶಕ್ಕೆ ನಾನು ಮನಸಾರೆ ಖುಷಿಪಟ್ಟಿದ್ದರೆ ಅದು ಅದೊಂದೇ, ಅದೂ ಅವನ ಗೆಲುವು ನಿಂತಿತಲ್ಲ ಎಂದು.

ಮತ್ತೆ ಶ್ರಾವಣ ಬಂತು. ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ, ಫೋನೂ ಇಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ತವರಿಗೆ ಹೊರಟರು. ನೀವು ಹೋಗಲಿಲ್ಲವೇ ಎಂದು ಕೇಳಿದವರಿಗೆ ಅವಳು ಏನೋ ಒಂದು ನೆವ ಹೇಳಿ ಒಳಗೆ ಬರುತ್ತಿದ್ದಳು. ಅವಳ ಆ ಮುಖ ನೋಡಿದಾಗಲೆಲ್ಲ ಜೇವರ್ಗಿಗೆ ಹೋಗಿ ಆ ಅಂಗಡಿಯ ಗಾಜು ಒಡೆಯಬೇಕು ಅನ್ನಿಸುತ್ತಿತ್ತು. ಹಬ್ಬದ ದಿನ ಬೆಳಿಗ್ಗೆ ನೋಡಿದರೆ ಉಂಡಿ, ರೊಟ್ಟಿ, ಒಂದು ಬಾಟಲಿ ಹಾಲು ಚೀಲಕ್ಕೆ ತುಂಬುತ್ತಿದ್ದಾಳೆ. ಕರೆಯದ ಮನೆಗೆ ಹೋಗುತ್ತೀಯಾ, ಮರ್ಯಾದೆ ಇಲ್ಲವೇ ಎಂದು ರೇಗಿದೆ.

"ಮನಿಗಾದ್ರ ಕರೀಬೇಕು. ನನ್ನ ಹೊಲಕ್ಕ ನಾ ಹೋಗಾಕ ಯಾರು ಕರೀಬೇಕ್ರಿ?"

ಜೇವರ್ಗಿಯಲ್ಲಿ ಬಸ್ಸು ಬದಲಿಸಿದೆವು. ಎದುರಿಗೇ ಅವನ ಅಂಗಡಿ, ಹಬ್ಬಕ್ಕೆ ಮುಚ್ಚಿತ್ತು. ಅಂದೋಲಾದಲ್ಲಿ ಇಳಿದು ಬದುವಿನ ಮೇಲೆ ನಡೆದು ಹೋದೆವು. ತೊಗರಿ ಮೊಣಕಾಲಿನವರೆಗೆ ಬಂದಿತ್ತು. ಹೊಲದ ಮೂಲೆಯ ಹುತ್ತಕ್ಕೆ ಅವಳು ಅರಿಶಿನ ಹಚ್ಚಿ, ಬೊಗಸೆಯಲ್ಲಿ ಹಾಲು ಹಿಡಿದು, ಹೆಂಗಸರು ಪ್ರತಿವರ್ಷ ಹೇಳುವಂತೆ ಹೇಳುತ್ತ ಎರೆದಳು. ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು.

ಆಮೇಲೆ ಅಣ್ಣನ ಪಾಲು ಎಂದಳು. ನನಗೆ ತಡೆಯಲಾಗಲಿಲ್ಲ. ಆ ಹರಾಮಿಗೆ ಯಾಕೆ ಹಾಲು ಎಂದೆ.

ಅವಳು ಬೊಗಸೆ ಖಾಲಿಯಾಗುವ ತನಕ ಎರೆದು, ಆಮೇಲೆ ನನ್ನ ಕಡೆ ತಿರುಗಿದಳು.

"ಅವನ ಪಾಲು ನಾ ಯಾವಾಗ ಕಸಗೊಂಡೇನಿ?"