ಆರು ನಿಮಿಷ ಅಲ್ಲಾಡಬಾರದು

ನನ್ನದು ಹಳೇ ಯಂತ್ರಗಳ ಅಂಗಡಿ. ಕೆಟ್ಟ ಸ್ಕ್ಯಾನರ್ ಬೇಕೆಂದು ಬರುವವರು ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. ಈ ಹೆಂಗಸು ಒಂದೇ ಬೇಸಿಗೆಯಲ್ಲಿ ಹನ್ನೊಂದು ಒಯ್ದಳು. "ಕೆಟ್ಟಿರೋದೇ ಕೊಡಿ. ಚೆನ್ನಾಗಿರೋದಕ್ಕೆ ನೀವು ಬಾಯಿಗೆ ಬಂದ ಬೆಲೆ ಹೇಳ್ತೀರ" ಎಂದಳು. ಅಂದೇ ನನಗೆ ಅವಳ ಮೇಲೆ ಗೌರವ ಹುಟ್ಟಿತು. ಲಾಭ ಹುಟ್ಟಲಿಲ್ಲ.

ಬೀದಿಯವರು ಅವಳನ್ನು ಪೆಟ್ಟಿಗೆಯಮ್ಮ ಎನ್ನುತ್ತಾರೆ. ಆ ಪೆಟ್ಟಿಗೆ ಅವಳ ಸೋದರಮಾವನ ಸ್ಟುಡಿಯೋದ ದೊಡ್ಡ ಮರದ ಕ್ಯಾಮೆರಾ. ಮುಂದೆ ಲೆನ್ಸು, ಹಿಂದೆ ನೋಟ್‌ಬುಕ್ಕಿನ ಹಾಳೆಯಷ್ಟಗಲದ ಫಿಲ್ಮು, ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ಚರ್ಮದ ತಿದಿ. ಭೂಮಾಪನ ಕಚೇರಿಯ ಹಳೇ ನಕ್ಷೆಗಳನ್ನು ಮಾವ ಅದರಲ್ಲೇ ಪ್ರತಿ ತೆಗೆಯುತ್ತಿದ್ದ. ಹದಿನೇಳನೇ ವಯಸ್ಸಿನಿಂದ ಇವಳು ಅವನ ಬಲಗೈ.

ಮಾವ ತೀರಿಕೊಂಡ ವರ್ಷ, ಅವನ ಮಗ, ಅಂದರೆ ಇವಳ ಭಾವ, ಇಪ್ಪತ್ತು ನಕ್ಷೆಗಳ ಫಿಲ್ಮಿದ್ದ ಡಬ್ಬಿಯನ್ನು ಹಗಲು ಬೆಳಕಿನಲ್ಲಿ ತೆರೆದುಬಿಟ್ಟ. ಎಲ್ಲವೂ ಹಾಳು. ಕಚೇರಿಯವರು ಕೇಳಿದಾಗ ಒಂದಿಷ್ಟೂ ತಡವರಿಸದೆ ಇವಳತ್ತ ಬೊಟ್ಟು ಮಾಡಿದ. ಇವಳ ಪಾಲಿಗೆ ಕಚೇರಿಯ ಬಾಗಿಲು ಮುಚ್ಚಿತು, ಅದರ ಹಿಂದೆಯೇ ಸ್ಟುಡಿಯೋದ ಬಾಗಿಲೂ.

"ಹೋಗ್ತಾ ಆ ಪೆಟ್ಟಿಗೆನೂ ತಗೊಂಡ್ಹೋಗು. ಹಳೇ ಬಟ್ಟೆ ತುಂಬಿಡೋಕಾಗುತ್ತೆ" ಅಂದ ಭಾವ.

ಹೊತ್ತುಕೊಂಡು ಹೋದಳು. ಒಂಬತ್ತು ವರ್ಷ ಕಚೇರಿ ಕಚೇರಿ ಅಲೆದು ಜೆರಾಕ್ಸ್ ಯಂತ್ರ ರಿಪೇರಿ ಮಾಡಿದಳು. ಭಾವನ ಸ್ಟುಡಿಯೋ ಅವಳಿಗೆ ಬೇಕಿರಲಿಲ್ಲ, ಕ್ಷಮೆಯೂ ಬೇಕಿರಲಿಲ್ಲ. ನಕ್ಷೆಗಳ ಕೆಲಸ ಬೇಕಿತ್ತು. ಅದೂ ಭಾವನ ಕೈಯಿಂದಲೇ ಜಾರಬೇಕಿತ್ತು, ಅಂದು ಬಾಗಿಲು ಮುಚ್ಚಿದವರ ಕಣ್ಣೆದುರಿಗೇ.

ಆ ಕ್ಯಾಮೆರಾಕ್ಕೆ ಈಗ ಫಿಲ್ಮು ಸಿಗುವುದು ದುಸ್ತರ. ಅಷ್ಟಗಲದ ಡಿಜಿಟಲ್ ಸೆನ್ಸರ್ ಕೊಳ್ಳುವ ದುಡ್ಡಿದ್ದವರು ಮನೆ ಕಟ್ಟಿಸಿಕೊಳ್ಳುತ್ತಾರೆ. ಆದರೆ ಸ್ಕ್ಯಾನರಿನ ಹೊಟ್ಟೆಯಲ್ಲಿ ಒಂದು ಸೆನ್ಸರ್ ಪಟ್ಟಿ ಇರುತ್ತದೆ: ಉದ್ದ ಒಂದು ಗೇಣು, ಅಗಲ ಬೆರಳಿನಷ್ಟೂ ಇಲ್ಲ. ಅವಳು ಅದರ ದೀಪ ಕಿತ್ತಳು, ಮೇಲಿನ ಪುಟ್ಟ ಲೆನ್ಸುಗಳನ್ನು ಕಿತ್ತಳು, ಬರಿಮೈ ಪಟ್ಟಿಯನ್ನು ಫಿಲ್ಮಿನ ಜಾಗದಲ್ಲಿ ಕೂರಿಸಿದಳು. ಪಟ್ಟಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸವನಹುಳುವಿನಂತೆ ತೆವಳುತ್ತ ಚಿತ್ರವನ್ನು ಗೆರೆ ಗೆರೆಯಾಗಿ ಓದಿಕೊಳ್ಳುತ್ತದೆ. ಒಂದು ಚಿತ್ರಕ್ಕೆ ಆರು ನಿಮಿಷ. ಹತ್ತು ಪಟ್ಟಿ ಸುಟ್ಟುಹೋದವು. ಹನ್ನೊಂದನೆಯದು ನಡೆಯಿತು.

ಅಷ್ಟರಲ್ಲಿ ಕಚೇರಿಯವರು ನಾನೂರ ಹನ್ನೆರಡು ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟರು. ಅರ್ಜಿ ಹಾಕಿದವರು ಇಬ್ಬರೇ, ಕೆಲಸ ಯಾರಿಗೆಂದು ಒಂದು ಪರೀಕ್ಷೆ: ಒಂದೇ ನಕ್ಷೆಯನ್ನು ಭಾವನೂ ತೆಗೆಯಬೇಕು, ಇವಳೂ ತೆಗೆಯಬೇಕು. ಅತಿ ಸಣ್ಣ ಅಕ್ಷರವೂ ಓದಲು ಬರಬೇಕು. ತೀರ್ಪು ಮೇಲ್ವಿಚಾರಕಿಯದು. ಒಂಬತ್ತು ವರ್ಷದ ಹಿಂದೆ ಗುಮಾಸ್ತೆಯಾಗಿ ಇವಳಿಗೆ ಬಾಗಿಲು ಮುಚ್ಚಿದ್ದು ಇದೇ ಮಹಾತಾಯಿ.

ದೀಪಗಳು ನನ್ನವು, ಬಾಡಿಗೆಯವು. ಹಾಗಾಗಿ ನಾನೂ ಇದ್ದೆ. ಬೆಳಿಗ್ಗೆ ಎಂಟಕ್ಕೇ ಜವಾನನಿಂದ ಬಾಗಿಲು ತೆಗೆಸಿ, ಯಾರೂ ಬರುವ ಮೊದಲೇ ಅವಳು ನಕ್ಷೆಯನ್ನು ತೆಗೆದು ಮುಗಿಸಿದಳು. ಬಾವಿಯ ಗುರುತಿನ ಪಕ್ಕದ ಸಾಸಿವೆಯಂಥ ಅಂಕಿಯೂ ಸ್ಪಷ್ಟವಾಗಿತ್ತು.

"ಆಯ್ತಲ್ಲ, ಇನ್ನೇನು?" ಅಂದೆ.

"ಕಚೇರಿಗೊಂದು ಆಯ್ತು. ಭಾವನಿಗೊಂದು ಬೇಡ್ವಾ?"

ಹತ್ತಕ್ಕೆ ಮೇಲ್ವಿಚಾರಕಿಯ ಹಿಂದೆಯೇ ಭಾವ ಬಂದ. ಕೈಯಲ್ಲಿ ಹೊಳೆಯುವ ಪುಟ್ಟ ಕ್ಯಾಮೆರಾ, ಕಾಲಲ್ಲಿ ಅದಕ್ಕಿಂತ ಹೊಳೆಯುವ ಬೂಟು. ಕುಳಿತರೆ ಮೊಣಕಾಲು ಕುಣಿಸುವ, ನಿಂತರೆ ಹಿಮ್ಮಡಿ ಕುಟ್ಟುವ ಆಸಾಮಿ. ನಕ್ಷೆಯನ್ನು ತುಂಡು ತುಂಡಾಗಿ ಮೂವತ್ತು ಸಲ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದ. ಬೆಸುಗೆಯಲ್ಲಿ ಒಂದು ಓಣಿ ಪೂರ್ತಿ ಮಾಯವಾಗಿತ್ತು. ಮೇಲ್ವಿಚಾರಕಿ ತುಟಿ ಬಿಗಿದಳು.

"ಈಗ ನಮ್ಮ ಪೆಟ್ಟಿಗೆ ಏನು ಹಡೆಯುತ್ತೋ ನೋಡೋಣ" ಅಂದ.

"ಭಾವ, ಒಂದೇ ಒಂದು ಬೇಡಿಕೆ. ಇದು ಮರದ ನೆಲ. ಒಂಚೂರು ಅದುರಿದ್ರೂ ಚಿತ್ರ ಕೆಡುತ್ತೆ. ಆರು ನಿಮಿಷ ಅಲ್ಲಾಡಬೇಡಿ, ನಿಮ್ಮ ದಮ್ಮಯ್ಯ" ಎಂದಳು ಪೆಟ್ಟಿಗೆಯಮ್ಮ.

ಕಳ್ಳನಿಗೆ ಕೀಲಿಕೈ ಇರುವ ಜಾಗ ಹೇಳುತ್ತಿದ್ದಾಳಲ್ಲ ಎಂದು ಅವಳನ್ನು ತಡೆಯಲು ಹೊರಟೆ. ಅವಳ ಮುಖ ನೋಡಿದ ಮೇಲೆ ಹೆಜ್ಜೆ ಹಿಂದಿಟ್ಟೆ.

ಪಟ್ಟಿ ಹೊರಟಿತು. ಭಾವ ಗೋಡೆಗೊರಗಿ ಸೂರು ನೋಡುತ್ತ, ಸದ್ದಾಗದಂತೆ, ಹಿಮ್ಮಡಿ ಒತ್ತತೊಡಗಿದ. ನಾಲ್ಕನೇ ನಿಮಿಷಕ್ಕೆ ಮೇಲ್ವಿಚಾರಕಿಗೆ ಬೇಸರ ಬಂದು, "ಆ ಓಣಿನ ನೀವು ಮತ್ತೆ ಸೇರಿಸೋಕಾಗುತ್ತಾ?" ಎಂದು ಅವನನ್ನು ಕೇಳಿದಳು. ಅವನು ಕೈ ಬಾಯಿ ತಿರುಗಿಸಿ ಉದ್ದಕ್ಕೆ ವಿವರಿಸಿದ. ಮುಗಿದ ಮೇಲೆ ಮತ್ತೆ ಹಿಮ್ಮಡಿ.

ಚಿತ್ರ ಪರದೆಯ ಮೇಲೆ ಬಂತು. ನಕ್ಷೆಯ ಮೇಲಂಚಿನ ನೇರ ಗೆರೆ ಗರಗಸದ ಹಲ್ಲಾಗಿತ್ತು.

"ಅಯ್ಯೋ ಪಾಪ" ಅಂದ ಭಾವ.

ಪೆಟ್ಟಿಗೆಯಮ್ಮ ಪರದೆಗೆ ಬೆರಳಿಟ್ಟಳು. "ಮೇಡಂ, ಭಾವನ ಕ್ಯಾಮೆರಾ ಕ್ಲಿಕ್ ಅಂದ್ರೆ ಮುಗೀತು. ಇದು ಹಾಗಲ್ಲ. ಈ ಎಡ ತುದಿ ಮೊದಲನೇ ನಿಮಿಷ, ಆ ಬಲ ತುದಿ ಆರನೇದು. ನಡುವೆ ಇಲ್ಲಿ ನೋಡಿ, ಗೆರೆ ನೆಟ್ಟಗಿದೆ. ಆಮೇಲೆ ಮತ್ತೆ ಹಲ್ಲು."

ಮೇಲ್ವಿಚಾರಕಿ ಬೆರಳಿನಿಂದ ಗೆರೆಯನ್ನು ಅಳೆದಳು. "ನಾಲ್ಕನೇ ನಿಮಿಷ. ನಾನು ಇವರನ್ನ ಮಾತಾಡಿಸಿದ್ದು ಆಗಲೇ ಅಲ್ವಾ?"

ಭಾವನ ಹಿಮ್ಮಡಿ ತಟ್ಟನೆ ನಿಂತಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಒಂಬತ್ತು ವರ್ಷದ ಹಿಂದೆ ಫಿಲ್ಮಿನ ಡಬ್ಬಿ ತೆಗೆದಿದ್ದೂ..." ಎಂದು ಮೇಲ್ವಿಚಾರಕಿ ನಿಧಾನವಾಗಿ ಶುರುಮಾಡಿದಳು. ಅವನು ತನ್ನ ಬೂಟು ನೋಡಿಕೊಂಡ. ಪೆಟ್ಟಿಗೆಯಮ್ಮ ಸದ್ದಿಲ್ಲದೆ ಬೆಳಗಿನ ಚಿತ್ರ ತೆರೆದಿಟ್ಟಳು. ಕೆಲಸ ಅವಳದಾಯಿತು.

ಬೇಕೆಂದೇ ಸರ್ಕಾರಿ ಪ್ರತಿ ಕೆಡಿಸಿದ್ದಕ್ಕೆ ದೂರು ಬರೆದರೆ ಭಾವನ ಹೆಸರು ಎಲ್ಲ ಕಚೇರಿಗಳ ಪಟ್ಟಿಯಿಂದಲೂ ಹೋಗುತ್ತಿತ್ತು. ಆ ಕಚೇರಿಗಳ ಗುರುತಿನ ಚೀಟಿಯ ಫೋಟೋಗಳೇ ಅವನ ಹೊಟ್ಟೆಪಾಡು. ಮೇಲ್ವಿಚಾರಕಿ ಪೆನ್ನು ತೆಗೆದಾಗ ಪೆಟ್ಟಿಗೆಯಮ್ಮನೇ ತಡೆದಳು.

"ಬೇಡ ಮೇಡಂ, ಮನೆಯವರು. ನಕ್ಷೆ ನೇತುಹಾಕಿ ಪಕ್ಕದಲ್ಲಿ ನಿಲ್ಲೋಕೆ ನನಗೊಬ್ಬರು ಬೇಕು. ಭಾವನೇ ಬರಲಿ, ಎಲ್ಲಾ ಮುಗಿಯೋವರೆಗೂ."

ಎಂಥ ದೊಡ್ಡ ಮನಸ್ಸು ಎಂದು ಜವಾನ ಕಣ್ಣೊರೆಸಿಕೊಂಡ. ಅವನಿಗೆ ವ್ಯಾಪಾರ ಗೊತ್ತಿಲ್ಲ.

ಮೂರನೇ ವಾರ ದೀಪದ ಬಲ್ಬು ಕೊಡಲು ಹೋದೆ. ಭಾವ ಬೂಟಿಲ್ಲದೆ, ಕಾಲುಚೀಲದಲ್ಲಿ, ನಕ್ಷೆಯ ಪಕ್ಕ ಕಂಬದಂತೆ ನಿಂತಿದ್ದ. ಮೂಗಿನ ತುದಿಯಲ್ಲಿ ನೊಣ. ತುಟಿಯಲ್ಲೇ ಊದಿ ಓಡಿಸಲು ನೋಡಿದ.

"ಭಾವ, ಉಸಿರು."

ಊದುವುದನ್ನು ಬಿಟ್ಟ. ಆರು ನಿಮಿಷ ಮುಗಿದು ಚಿತ್ರ ಬಂತು. ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಅಂಚಿನ ಗೆರೆ ದಾರ ಎಳೆದಷ್ಟು ನೇರ, ಕೂದಲಷ್ಟೂ ಊನವಿಲ್ಲ.

"ಎಷ್ಟನೇದಮ್ಮ ಇದು?" ಎಂದು ಕೇಳಿದ ಭಾವ. ದನಿ ಸೋತಿತ್ತು.

"ಎಂಬತ್ತಾರು." ಅವಳು ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು. "ಛೆ, ಎಲ್ಲೋ ಅಲ್ಲಾಡಿಬಿಟ್ರಿ ಭಾವ. ಇನ್ನೊಂದ್ಸಲ ನಿಲ್ಲಿ."

ನಾನು ಬಲ್ಬನ್ನು ಮೇಜಿನ ಮೇಲಿಟ್ಟು, ಹೆಜ್ಜೆ ಸಪ್ಪಳವಾಗದಂತೆ ಹೊರಗೆ ಬಂದೆ.