ಎರಡು ಬೀಗದ ಹಿಂದಿನ ಕೊಳಗ

ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಇರುವ ಪುಟ್ಟ ವಸ್ತುಸಂಗ್ರಹಾಲಯವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಕಟ್ಟಡ ನಗರಸಭೆಯದು, ಒಳಗಿರುವ ವಸ್ತುಗಳು ನನಗೆ ಸಂಬಳ ಕೊಡುವ ಟ್ರಸ್ಟಿನವು. ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇಲ್ಲದ್ದರಿಂದ ಪ್ರತಿ ಗಾಜಿನ ಬೀರುವಿಗೂ ಎರಡೆರಡು ಬೀಗ. ಒಂದರ ಕೀ ನನ್ನ ಹತ್ತಿರ, ಇನ್ನೊಂದರದು ನಗರಸಭೆಯ ಗುಮಾಸ್ತರ ಹತ್ತಿರ. ಒಳಗೆ ಧೂಳು ಒರೆಸಬೇಕಾದರೂ ಇಬ್ಬರೂ ಇರಬೇಕು. ಅವರು ಬರುವುದು ಅಪರೂಪ. ಹೆದ್ದಾರಿಯ ಧೂಳು ಮಾತ್ರ ಯಾರ ಕೀಗೂ ಕಾಯದೆ ಸಂದಿಯಲ್ಲಿ ನುಗ್ಗುತ್ತದೆ.

ಮೊನ್ನೆ ಒಬ್ಬ ಅಜ್ಜಿ ಬಂದರು. ರಾಗಿ ಅಳೆಯುವ ತಮ್ಮ ಮನೆಯ ಹಿತ್ತಾಳೆ ಕೊಳಗವನ್ನು ಟ್ರಸ್ಟಿಗೆ ಕೊಟ್ಟವರು. ಅವರ ಹೊಲದಲ್ಲಿ ಈಗ ಕಂಪನಿ ಬಸ್ಸುಗಳು ನಿಲ್ಲುತ್ತವೆ.

"ಒಂದ್ಸಲ ಕೈಯಾಗ್ ಇಡ್ಕೊಂಡು ನೋಡ್ತೀನಿ ಸಾರ್" ಅಂದರು.

ಗುಮಾಸ್ತರಿಗೆ ಫೋನ್ ಮಾಡಿದೆ. "ಮೀಟಿಂಗಲ್ಲಿದ್ದೀನಿ ಕಣ್ರೀ, ಒಂದು ಅರ್ಜಿ ಬರೆಸ್ಕೊಳ್ಳಿ" ಅಂದರು. ಇದೇ ಮಾತು ಕೇಳಿ ಕೇಳಿ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ನನಗೆ ಉಳಿದಿಲ್ಲ. ಸುಮ್ಮನೆ ಅರ್ಜಿಯ ಹಾಳೆ ಮುಂದೆ ಹಿಡಿದೆ.

ಅಜ್ಜಿ ಅದನ್ನು ಮುಟ್ಟಲಿಲ್ಲ. ಸೆರಗಿನಿಂದ ಗಾಜು ಒರೆಸಿ ಒಳಗೆ ಇಣುಕಿದರು.

"ಊರಿಗೆಲ್ಲಾ ಇದೊಂದೇ ಕೊಳಗ ಸಾರ್. ಬಾಗ್ಲತ್ರ ಇಟ್ಟಿರ್ತಿದ್ವಿ, ಯಾರ್ ಬೇಕಾದ್ರೂ ಕೇಳ್ದೇನೇ ತಗೊಂಡೋಗೋರು. ವಾಪಸ್ ತರೋವಾಗ ಬರೀದು ತರ್ತಿರ್ಲಿಲ್ಲ, ಒಂದ್ ಇಡಿ ರಾಗಿ ಆಕಿ ತಂದಿಡೋರು."

ಇನ್ನೊಂದು ಸಲ ಒಳಗೆ ನೋಡಿದರು.

"ನೀವು ಧೂಳು ಆಕಿ ಇಟ್ಟಿದೀರ."