ಮಹೀನ್ ಖಾನುಮಳ ಕೆಂಪು ಪುಸ್ತಕ

ಅಮೆರಿಕಕ್ಕೆ ಬಂದ ಮೇಲೆ ನಾನು ನೋಡಿದ ಮೊದಲ ಮತಗಟ್ಟೆ ಅಮೆರಿಕದ್ದಲ್ಲ, ಇರಾನಿನದು. ಹೈವೇ ಪಕ್ಕದ ಒಂದು ಹೋಟೆಲು, ಮದುವೆ ಊಟ ಬಡಿಸುವಂಥ ದೊಡ್ಡ ಹಾಲ್. ಒಳಗೆ ಓಟಿನ ಪೆಟ್ಟಿಗೆ, ಹೊರಗೆ ರಸ್ತೆಯಾಚೆ ಬಾವುಟ ಹಿಡಿದು ಕೂಗುವ ಜನ, ನಡುವೆ ಪೊಲೀಸರು. ಓಟು ಹಾಕಲು ಬಂದವರೂ ಇರಾನಿನವರೇ, ಹಾಕಬೇಡಿ ಎಂದು ಬೈಯುವವರೂ ಇರಾನಿನವರೇ. ಅವರ ನಡುವೆ ಇಳಕಲ್ ಸೀರೆ ಉಟ್ಟು, ಕಾಲಿಗೆ ಮಗಳ ಬೂಟು ಹಾಕಿಕೊಂಡು ನಿಂತವಳು ನಾನೊಬ್ಬಳೇ.

ನಾನು ಕಲಬುರಗಿ ಕಡೆಯವಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಮಗಳು ಸುನಂದಾ ಇಲ್ಲಿ ನರ್ಸು. ಓಲ್ಡ್ ಬ್ರಿಡ್ಜ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಅವಳ ಜೊತೆ ಇದ್ದು ಮೂರು ವರ್ಷವಾಯಿತು. ನಮ್ಮೂರಲ್ಲಿ ಬಾಗಿಲು ಇರುವುದು ತೆರೆಯಲಿಕ್ಕೆ, ಇಲ್ಲಿ ಮುಚ್ಚಲಿಕ್ಕೆ. ಮೊದಲ ಚಳಿಗಾಲ ಪೂರ್ತಿ ನಾನು ಗೋಡೆಯ ಜೊತೆ ಮಾತಾಡಿದೆ. ಗೋಡೆಯೂ ರಟ್ಟಿನದು.

ಮಹೀನ್ ಸಿಕ್ಕಿದ್ದು ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಯಂತ್ರದ ಮುಂದೆ ಕಣ್ಣು ಬಿಟ್ಟುಕೊಂಡು ನಿಂತಿದ್ದೆ. ನನ್ನಷ್ಟೇ ವಯಸ್ಸಿನ ಹೆಂಗಸು ಬಂದು, ಕೈ ತೋರಿಸಿ, ಸಾಬೂನು ಎಂದಳು. ನಮ್ಮ ಕಡೆ ಮುಸಲ್ಮಾನರ ಮಾತು ಕೇಳಿ ಬೆಳೆದವಳು ನಾನು. ಅವಳ ಫಾರಸಿಯಲ್ಲಿ ಚಹಾ, ಸಕ್ಕರೆ, ದರವಾಜ, ಮೊಹರು ಎಲ್ಲ ಹೆಚ್ಚು ಕಡಿಮೆ ನಮ್ಮವೇ. ಉಳಿದದ್ದಕ್ಕೆ ಮುರುಕು ಇಂಗ್ಲಿಷು, ಕೈ, ಕಣ್ಣು. ಖಾನುಮ್ ಅಂದರೆ ನಮ್ಮ ಅಮ್ಮಾವರು ಇದ್ದ ಹಾಗೆ. ಅವಳ ಮಾತನ್ನೆಲ್ಲ ನನ್ನ ಮಾತಿನಲ್ಲೇ ಬರೆಯುತ್ತಿದ್ದೇನೆ, ಬೇರೆ ದಾರಿಯಿಲ್ಲ.

ಅವಳ ಮನೆಯಲ್ಲಿ ಮೊದಲ ಸಲ ಉಂಡಾಗ ಪಾತ್ರೆಯ ತಳಕ್ಕೆ ಹತ್ತಿದ ಅನ್ನವನ್ನು ಎಬ್ಬಿಸಿ ನನಗೇ ಬಡಿಸಿದಳು. ನಮ್ಮಲ್ಲಿ ಅದು ಸೊಸೆಯ ಪಾಲು. ಅವರಲ್ಲಿ ಅದಕ್ಕೆ ತಹದೀಗ್ ಅನ್ನುತ್ತಾರೆ, ಬಂದವರಿಗೆ ಮರ್ಯಾದೆ ಮಾಡಿ ಕೊಡುತ್ತಾರೆ. ಎಷ್ಟೋ ವರ್ಷ ಮೂಲೆಯಲ್ಲಿ ಕೂತು ಮರ್ಯಾದೆ ತಿಂದಿದ್ದೆ, ಗೊತ್ತಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ಅವಳು ಕೆಂಪು ರಟ್ಟಿನ ಸಣ್ಣ ಪುಸ್ತಕ ತಂದು ನನ್ನ ಮುಂದಿಟ್ಟಳು. ಅವರ ಸರಕಾರ ಎಲ್ಲರಿಗೂ ಕೊಡುವ ಗುರುತಿನ ಪುಸ್ತಕವಂತೆ, ಹುಟ್ಟು, ಮದುವೆ, ಮಕ್ಕಳು, ಎಲ್ಲ ಅದರಲ್ಲಿ. ಕೊನೆಯ ಪುಟದಲ್ಲಿ ಸಾಲಾಗಿ ಮೊಹರುಗಳು, ಓಟು ಹಾಕಿದ ಗುರುತು. ನಮಗೆ ಬೆರಳಿಗೆ ಹಚ್ಚುವ ಶಾಯಿ ತಿಂಗಳಲ್ಲಿ ಅಳಿಯುತ್ತದೆ. ಇದು ಅಳಿಯುವುದಿಲ್ಲ. ಈಗ ಮೊಹರು ಕಡ್ಡಾಯವಿಲ್ಲವಂತೆ. ಆದರೂ ನೌಕರಿಯ ಕಚೇರಿಯಲ್ಲಿ ಯಾರಾದರೂ ಪುಟ ತಿರುವಿ ನೋಡಿದರೆ ಎಂಬ ಹೆದರಿಕೆ ಜನಕ್ಕೆ ಹೋಗಿಲ್ಲ.

ಮಹೀನಳ ಮಗ ಇರಾನಿನಲ್ಲಿ ಸರಕಾರಿ ಶಾಲೆಯ ಮಾಸ್ತರು, ಹೆಡ್‌ಮಾಸ್ತರ ಜಾಗಕ್ಕೆ ಹೆಸರು ಹೋಗಿತ್ತು. ಅವನು ಫೋನು ಮಾಡಿ, ಅಮ್ಮ, ನಮ್ಮ ಮನೆಯವರ ಬಗ್ಗೆ ವಿಚಾರಿಸುತ್ತಾರೆ, ಈ ಸಲದ ಎಲೆಕ್ಷನ್ನಿಗೆ ನಿನ್ನ ಪುಸ್ತಕದಲ್ಲಿ ಮೊಹರು ಇರಲಿ ಎಂದಿದ್ದ. ಇಲ್ಲಿ ಅವಳು ಇರುವುದು ಮಗಳು ನಸ್ರೀನಳ ಮನೆಯಲ್ಲಿ. ನಸ್ರೀನಳ ಕಾಲೇಜಿನ ಗೆಳತಿ ಆ ಸರಕಾರದ ಜೈಲಿನಲ್ಲಿದ್ದಾಳೆ. ಆ ಮೊಹರು ಒತ್ತಿಸಿಕೊಂಡು ಬಂದರೆ ನನ್ನ ಮುಂದೆ ಉಣ್ಣಲು ಕೂರಬೇಡ ಎಂದು ಅವಳು ಹೇಳಿಬಿಟ್ಟಿದ್ದಳು.

ಅವರ ಎಲೆಕ್ಷನ್ ಹೇಗೆ ಎಂದು ಕೇಳಿದೆ. ಅಧ್ಯಕ್ಷನಾಗಲು ಯಾರು ಬೇಕಾದರೂ ಅರ್ಜಿ ಕೊಡಬಹುದು. ಆದರೆ ಹನ್ನೆರಡು ಜನ ಹಿರಿಯರ ಒಂದು ಮಂಡಳಿ ಇದೆ, ಆರು ಧರ್ಮಗುರುಗಳು, ಆರು ಕಾಯದೆ ಬಲ್ಲವರು. ಅವರು ಬೇಡದ ಹೆಸರು ಹೊಡೆದುಹಾಕುತ್ತ ಹೋಗುತ್ತಾರೆ. ಉಳಿದ ನಾಲ್ಕೋ ಆರೋ ಹೆಸರಿನಲ್ಲಿ ಒಂದನ್ನು ಜನ ಆರಿಸಬೇಕು. ಗೆದ್ದವನ ಮೇಲೂ ಒಬ್ಬ ದೊಡ್ಡ ಗುರು, ಕೊನೆಯ ಮಾತು ಅವನದು. ಊರಿಗೊಂದು ಶೂರಾ ಇರುತ್ತದೆ, ನಮ್ಮ ಪಂಚಾಯಿತಿ, ಮುನಸಿಪಾಲಿಟಿ ಇದ್ದ ಹಾಗೆ. ಪಟ್ಟಣದ ಮೇಯರನ್ನು ಅದೇ ಆರಿಸುತ್ತದೆ. ಅಲ್ಲೂ ಹೆಸರು ಜರಡಿ ಹಿಡಿಯುತ್ತಾರೆ, ಆದರೆ ನೀರು, ರಸ್ತೆ, ಬೀಗರು ಎಂದು ಹಳ್ಳಿಯ ಜನ ಮುಗಿಬಿದ್ದು ಹಾಕುತ್ತಾರಂತೆ. ಪರದೇಶದಲ್ಲಿದ್ದವರಿಗೆ ಅಧ್ಯಕ್ಷನ ಓಟು ಮಾತ್ರ, ಶೂರಾದ ಓಟು ಇಲ್ಲ.

ನಮ್ಮೂರಲ್ಲೂ ಪಂಚಾಯಿತಿ ಎಲೆಕ್ಷನ್ ಬಂದಾಗ ಹಿರಿಯರು ಕಟ್ಟೆಯ ಮೇಲೆ ಕೂತು, ಅವಿರೋಧ ಮಾಡೋಣ ಎಂದು ಹೆಸರು ಹೊಡೆದದ್ದುಂಟು. ನನ್ನ ಹೆಸರನ್ನೂ ಹೊಡೆದಿದ್ದರು. ಆದರೆ ಹಟ ಹಿಡಿದು ಅರ್ಜಿ ಹಾಕಿದರೆ ತಡೆಯಲು ಕಾಯದೆಯಿರಲಿಲ್ಲ. ಹಾಕಿದೆ. ಎರಡು ಓಟಿನಿಂದ ಸೋತೆ. ಮುಂದಿನ ಸಲ ಗೆದ್ದೆ, ಅದು ಬೇರೆ ಮಾತು.

ಸೋತ ಕತೆಯನ್ನು ಮಹೀನಳಿಗೆ ನಗಿಸಲೆಂದೇ ಹೇಳಿದೆ. ನನ್ನದು ಹೊಲಿಗೆ ಮಷೀನಿನ ಚಿಹ್ನೆ, ಎದುರಾಳಿಯದು ಕೊಡೆ. ಎದುರಾಳಿ ಬೇರೆ ಯಾರೂ ಅಲ್ಲ, ನನ್ನ ನೆಗೆಣ್ಣಿಯ ಅಣ್ಣನ ಹೆಂಡತಿ. ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಒಳಗೆ ಹೋಗಿ ಎರಡು ಚಿಹ್ನೆಗೂ ಮೊಹರು ಒತ್ತಿ ಬಂದಳು. ಇಬ್ಬರಿಗೂ ಹಾಕಿದೆ ಅಕ್ಕಾ ಎಂದು ತಾನೇ ಬಂದು ಹೇಳಿದಳು. ಹಾಗೆ ಮಾಡಿದವರು ಏಳು ಮಂದಿ. ಊರೆಲ್ಲ ಕೇಳುವಂತೆ ಬೈದಿದ್ದೆ.

ಮಹೀನ್ ನಗಲಿಲ್ಲ. ಹಾಗೆ ಒತ್ತಿದ ಚೀಟಿಯನ್ನು ಎಣಿಸುತ್ತಾರೋ ಎಂದು ಕೇಳಿದಳು. ಇಲ್ಲ, ಪಕ್ಕಕ್ಕಿಡುತ್ತಾರೆ, ಬಂದವರ ಲೆಕ್ಕಕ್ಕೆ ಮಾತ್ರ ಹಿಡಿಯುತ್ತಾರೆ ಎಂದೆ. ಅಲ್ಲಿಗೆ ಬಿಡಬೇಕಿತ್ತು ನಾನು. ಓಟಿನ ದಿನ ನನ್ನ ಜೊತೆ ಬಾ ಎಂದಳು, ಹೂಂ ಎಂದೆ.

ಆ ದಿನ ಹೋಟೆಲಿನ ಮುಂದೆ ಸುನಂದಾ ಕಾರು ನಿಲ್ಲಿಸಿ, “ಅವ್ವಾ, ಇದು ನಮ್ಮ ಮನೀ ಜಗಳ ಅಲ್ಲ, ನೀ ಗೇಟಿನ ಹೊರಗ ನಿಲ್ಲು” ಎಂದಳು. ನಿಂತೆ. ಮಹೀನ್ ಒಳಗೆ ಹೋಗುವಾಗ ಆಚೆಯಿಂದ ಒಬ್ಬ ಹುಡುಗಿ ಏನೋ ಕೂಗಿದಳು. ಮಹೀನ್ ಪುಸ್ತಕವನ್ನು ಎದೆಗವಚಿಕೊಂಡು ನಡೆದಳು. ಹೊರಗೆ ಬಂದಾಗ ಪುಸ್ತಕದ ಪುಟ ಮುಚ್ಚದೆ ಊದುತ್ತಿದ್ದಳು, ಮೊಹರಿನ ಶಾಯಿ ಒಣಗಿರಲಿಲ್ಲ. ಅವರಲ್ಲಿ ಚಿಹ್ನೆಯಿಲ್ಲ, ಹೆಸರನ್ನು ಕೈಯಿಂದ ಬರೆಯಬೇಕು. ಯಾರ ಹೆಸರು ಬರೆದೆ ಎಂದೆ. ಎರಡೂ ಅಂಗೈ ಬಿಡಿಸಿ ತೋರಿಸಿದಳು. ಖಾಲಿ. ಬಿಳಿ ಚೀಟಿಯನ್ನು ಮಡಚಿ ಹಾಕಿದ್ದಳು. ಮಗನಿಗೆ ಮೊಹರು, ಮಗಳಿಗೆ ಖಾಲಿ ಚೀಟಿ. ಕಾರಿನಲ್ಲಿ ಸ್ವಲ್ಪ ಹಾಡಿಕೊಂಡಳು ಕೂಡ.

ನಸ್ರೀನ್ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಅಮ್ಮ ಹೇಳಿದ್ದನ್ನೆಲ್ಲ ಕೇಳಿ, ಪುಸ್ತಕವನ್ನು ಮುಟ್ಟದೆ, ನಮ್ಮ ಎದುರಿಗೆ ಇಂಗ್ಲಿಷಿನಲ್ಲೇ ಒಂದು ಮಾತು ಹೇಳಿ ಒಳಗೆ ಹೋದಳು. ಸುನಂದಾಳನ್ನು ಕೇಳಿದೆ.

“ಯಾರ ಹೆಸರು ಬರೀತಿ ಅನ್ನೂದು ಆ ಸರಕಾರದವರಿಗೆ ಬೇಕಾಗಿರಲಿಲ್ಲ, ನೀ ಬರೂದು ಬೇಕಿತ್ತು, ನೀ ಹೋದಿ ಅಂದಳವ್ವ.”

ನಸ್ರೀನ್ ಹೇಳಿದ್ದು ಸರಿ. ಬಂದವರ ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ನಾನೇ ಬಾಯಾರೆ ಹೇಳಿದ್ದೆನಲ್ಲ.

ಎರಡು ತಿಂಗಳ ಮೇಲೆ ಮಗನಿಗೆ ಹೆಡ್‌ಮಾಸ್ತರಿಕೆ ಸಿಕ್ಕಿತು. ಅಮ್ಮನ ಪುಸ್ತಕವನ್ನು ಯಾರೂ ಕೇಳಲಿಲ್ಲವಂತೆ. ಅದನ್ನು ಸಂತೋಷದ ಸುದ್ದಿಯೆಂದೇ ಫೋನಿನಲ್ಲಿ ಹೇಳಿದ. ನಸ್ರೀನ್ ಅಡಿಗೆ ಮಾಡಿಡುತ್ತಾಳೆ, ಔಷಧ ತರುತ್ತಾಳೆ, ತಾಯಿಯ ಎದುರು ಉಣ್ಣಲು ಕೂರುವುದಿಲ್ಲ. ಮಹೀನ್ ದಿನಾ ನಾಲ್ಕು ಗಂಟೆಗೆ ನಮ್ಮಲ್ಲಿ ಬಂದು ಚಹಾ ಕುಡಿಯುತ್ತಾಳೆ. ನೆಗೆಣ್ಣಿಯ ಆ ಕತೆ ಯಾಕೆ ಹೇಳಿದೆ ಎಂದು ಒಮ್ಮೆಯೂ ಕೇಳಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಇಲ್ಲಿ ನನಗೆ ಓಟಿಲ್ಲ. ಸುನಂದಾಳ ಚೀಟಿ ಟಪಾಲಿನಲ್ಲಿ ಬರುತ್ತದೆ, ಊಟದ ಮೇಜಿನ ಮೇಲೆ ಅವಳೊಬ್ಬಳೇ ತುಂಬುತ್ತಾಳೆ. ಮೊನ್ನೆ ಬೆಳಿಗ್ಗೆ ಊರಿಂದ ನೆಗೆಣ್ಣಿಯ ಮಗ ಶರಣಪ್ಪ ಫೋನು ಮಾಡಿದ.

“ದೊಡ್ಡವ್ವಾ, ಲಿಸ್ಟಿನ್ಯಾಗ ನಿನ್ನ ಹೆಸರು ಇನ್ನಾ ಅದ. ಓಟಿಗೆ ಬರ್ತಿಯೋ, ತೆಗಸಲೋ?”

ಮೊದಲು ನಿಮ್ಮವ್ವನಿಗೆ ಫೋನು ಕೊಡು ಎಂದೆ. ಅವತ್ತು ಎರಡಕ್ಕೂ ಒತ್ತಿದಾಗ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದೆ. ಅಷ್ಟು ಹಳೆಯ ಮಾತಿಗೆ ಮತ್ತೆ ಬೈಯುತ್ತೇನೆ ಎಂದುಕೊಂಡಳೇನೋ, ದನಿ ತಗ್ಗಿಸಿ ಹೇಳಿದಳು.

“ಒತ್ತೂಮುಂದ ಇಬ್ಬರೂ ನನ್ನವರೇ ಇದ್ದರಕ್ಕಾ. ಎಣಿಸಿದ ಮ್ಯಾಲ ಒಬ್ಬರೂ ನನ್ನ ಮಾತಾಡಸಲಿಲ್ಲ.”

ಹೆಸರು ಇರಲಿ, ತೆಗೆಸಬೇಡ ಎಂದು ಶರಣಪ್ಪನಿಗೆ ಹೇಳಿ ಫೋನಿಟ್ಟೆ. ಬರುತ್ತೇನೆ ಎನ್ನಲಿಲ್ಲ. ಸಂಜೆ ನಾಲ್ಕು ಗಂಟೆಗೆ ಒಲೆಯ ಮೇಲೆ ಇಬ್ಬರಿಗಾಗುವಷ್ಟು ನೀರಿಟ್ಟೆ.